ಬೇಲ್ ಸಿಕ್ಕಿತು, ಮಾತ್ರೆ ಒಳಗೇ ಉಳಿಯಿತು

ಮಂಜ ಅಂತಿಟ್ಟುಕೊಳ್ಳೋಣ. ಇಪ್ಪತ್ತೆಂಟು ವರ್ಷ, ಸೆಂಟ್ರಿಂಗ್ ಕೆಲಸ. ಬಾರ್ ಮುಂದೆ ಆದ ಹೊಡೆದಾಟದ ಕೇಸಿನಲ್ಲಿ ಒಳಗೆ ಹೋಗಿ ಏಳು ತಿಂಗಳಾಗಿದೆ. ಇವತ್ತು ಕೋರ್ಟಿನಲ್ಲಿ ಬೇಲ್ ಆಯಿತು. ಜಾಮೀನು ನಿಂತ ಚಿಕ್ಕಪ್ಪನ ಪಹಣಿ, ಆಧಾರ್ ಎಲ್ಲ ನೋಡಿ, ಆದೇಶ ಜೈಲು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬ್ಯಾರಕ್ಕಿನ ಬಾಗಿಲಲ್ಲಿ ಹೆಸರು ಕೂಗುತ್ತಾರೆ. ಇದ್ದ ಎರಡು ಜೊತೆ ಬಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಗೇಟಿನಲ್ಲಿ ಬೆಲ್ಟು, ಪರ್ಸು ವಾಪಸ್ ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೊರಗೆ ಕಾಲಿಟ್ಟಾಗ ಗಂಟೆ ಏಳೂವರೆ.

ಒಂದು ಮಾತ್ರ ಅವನ ಜೊತೆ ಬರಲಿಲ್ಲ. ದಿನಾ ರಾತ್ರಿ ಜೈಲು ಆಸ್ಪತ್ರೆಯವರು ಅಂಗೈಗೆ ಹಾಕುತ್ತಿದ್ದ ಮಾತ್ರೆ. ಅದು ಅಲ್ಲೇ ಡಬ್ಬಿಯಲ್ಲಿ ಉಳಿಯಿತು. ಅದರ ಹೆಸರೂ ಅವನಿಗೆ ಗೊತ್ತಿಲ್ಲ. ಕೇಳಿದರೆ ‘ಬಿಳೀದು ಒಂದು, ಹಳದೀದು ಅರ್ಧ’ ಅಂತಾನೆ.

ಮಂಜ ನಾನು ಕಟ್ಟಿಕೊಂಡ ಪಾತ್ರ. ಆದರೆ ಕೋರ್ಟು, ಜೈಲು, ಜಿಲ್ಲಾಸ್ಪತ್ರೆ ಅಂತ ಅಲೆದವರಿಗೆ ಅವನ ಹಾಗಿರುವ ನಾಲ್ಕು ಜನ ಥಟ್ಟನೆ ನೆನಪಾದಾರು. ಅವನಿಗಿರುವ ತೊಂದರೆ ಎರಡು. ಯಾರೂ ಇಲ್ಲದಾಗ ಕಿವಿಯಲ್ಲಿ ಬೈಗುಳ ಕೇಳಿಸುತ್ತದೆ. ಇನ್ನೊಂದು, ಕುಡಿತ. ಯಾವುದು ಮೊದಲು ಬಂತು ಅಂತ ಅವನಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಎರಡು ನೈಂಟಿ ಒಳಗೆ ಬಿದ್ದರೆ ದನಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ನಿದ್ದೆ ಹತ್ತುತ್ತದೆ. ಮರುದಿನ ಅದೇ ದನಿ ಇನ್ನೂ ಜೋರು. ಆಗ ಮತ್ತೆ ನೈಂಟಿ.

ಇಂಥವರು ಹೊರಗೆ ಚಿಕಿತ್ಸೆ ಕೇಳಿಕೊಂಡು ಹೋದರೆ ಏನಾಗುತ್ತದೆ? ಮನೋವೈದ್ಯರ ಹತ್ತಿರ ಹೋದರೆ ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ’. ಕುಡಿತ ಬಿಡಿಸುವ ಕೇಂದ್ರಕ್ಕೆ ಹೋದರೆ ‘ಇವನು ಒಬ್ಬೊಬ್ಬನೇ ಮಾತಾಡ್ತಾನೆ, ನಮ್ಮ ಕೈಲಾಗಲ್ಲ, ಮೊದಲು ತಲೆ ಡಾಕ್ಟ್ರಿಗೆ ತೋರಿಸಿ’. ಎಲ್ಲ ಕಡೆಯೂ ಹೀಗೇ ಅಂತ ಹೇಳುತ್ತಿಲ್ಲ. ಆದರೆ ಈ ಎರಡು ಮಾತೂ ಕೇಳಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಮಗ್ರ ಚಿಕಿತ್ಸೆ ಅಂತ ಈಗ ಹೇಳುತ್ತಾರಲ್ಲ, ಅದರ ಅರ್ಥ ಬಹಳ ಸರಳ. ಎರಡೂ ಕಾಯಿಲೆಗೆ ಒಂದೇ ಕಡೆ, ಒಂದೇ ತಂಡ, ಒಂದೇ ಫೈಲು. ಯಾವುದಕ್ಕೂ ಇನ್ನೊಂದು ವಾಸಿಯಾಗಲಿ ಅಂತ ಕಾಯುವುದಿಲ್ಲ.

ಜೈಲಿನಿಂದ ಬರುವವರಿಗೆ ಇದು ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಬೆಂಗಳೂರಲ್ಲೇ ಪುರಾವೆ ಇದೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಒಂದು ದೊಡ್ಡ ಅಧ್ಯಯನ ಮಾಡಿದರು. ಅದು ಪ್ರಕಟವಾಗಿದ್ದು 2011ರಲ್ಲಿ. ಮಾನಸಿಕ ಕಾಯಿಲೆಯೋ ವ್ಯಸನವೋ, ಯಾವುದಾದರೂ ಒಂದು ಇದ್ದವರು 4,002 ಜನ. ಅಂದರೆ ನೂರಕ್ಕೆ ಸುಮಾರು ಎಂಬತ್ತು. ವ್ಯಸನವನ್ನು ಬದಿಗಿಟ್ಟು ಬರೀ ಮಾನಸಿಕ ಕಾಯಿಲೆ ಲೆಕ್ಕ ಹಾಕಿದರೂ 1,389 ಜನ ಉಳಿದರು, ನೂರಕ್ಕೆ ಇಪ್ಪತ್ತೇಳಕ್ಕಿಂತ ಜಾಸ್ತಿ.

ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯಸನವನ್ನು ಲೆಕ್ಕದಿಂದ ತೆಗೆದರೆ ಜೈಲಿನ ಕಾಯಿಲೆಯ ದೊಡ್ಡ ಪಾಲು ಕಣ್ಣಿಂದ ಮರೆಯಾಗುತ್ತದೆ. ವ್ಯಸನವನ್ನಷ್ಟೇ ನೋಡಿದರೆ ಸಾವಿರಕ್ಕೂ ಹೆಚ್ಚು ಜನರ ಮನಸ್ಸಿನ ಕಾಯಿಲೆ ಗಮನಕ್ಕೇ ಬರುವುದಿಲ್ಲ.

ಆದರೆ ಸರ್ಕಾರದ ಕಡತಗಳು ಬೇರೆ ಬೇರೆ ಬೀರುವಿನಲ್ಲಿವೆ. ಜೈಲು ಗೃಹ ಇಲಾಖೆಗೆ ಸೇರಿದ್ದು. ಮಾನಸಿಕ ಆರೋಗ್ಯ ಆರೋಗ್ಯ ಇಲಾಖೆಯದು. ವ್ಯಸನಮುಕ್ತಿ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಬರುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದಿಂದ. ಸಹಾಯವಾಣಿಯನ್ನೇ ನೋಡಿ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಮಾದಕ ವ್ಯಸನಕ್ಕೆ ಇನ್ನೊಂದು, 14446. ಎರಡಕ್ಕೂ ನಡುವೆ ಒಂದೇ ಅಂಕಿ ವ್ಯತ್ಯಾಸ. ಕಿವಿಯಲ್ಲಿ ದನಿ ಕೇಳಿಸುತ್ತಾ, ಕೈ ನಡುಗುತ್ತಾ ಕೂತ ಮಂಜ ಯಾವುದಕ್ಕೆ ಫೋನ್ ಮಾಡಬೇಕು?

ಜೈಲಿಗೆ ಹೋಗಿ ಕುಡಿತ ಬಿಟ್ಟ

ಊರಲ್ಲಿ ಒಂದು ಮಾತಿದೆ: ‘ಒಳಗೆ ಹೋಗಿದ್ದೇ ಒಳ್ಳೇದಾಯ್ತು, ಕುಡಿತ ಬಿಟ್ಟ.’ ಮೇಲ್ನೋಟಕ್ಕೆ ನಿಜ ಅನಿಸುತ್ತದೆ. ಏಳು ತಿಂಗಳು ಬಾಟಲಿ ಮುಟ್ಟಿಲ್ಲ, ಮೈ ತುಂಬಿಕೊಂಡಿದೆ, ಮುಖದಲ್ಲಿ ಕಳೆ ಬಂದಿದೆ. ಆದರೆ ಆ ಏಳು ತಿಂಗಳಲ್ಲಿ ಏನೇನು ನಡೆಯಿತು ಅಂತ ಬಿಡಿಸಿ ನೋಡಬೇಕು.

ಮೊದಲ ವಾರ. ದಿನಾ ಕುಡಿಯುವವನು ದಿಢೀರನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲೀರಿಯಂ ಬರುತ್ತದೆ: ಎಲ್ಲಿದ್ದೇನೆ ಅನ್ನೋದು ಗೊತ್ತಾಗದು, ಗೋಡೆಯ ಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ, ಜ್ವರ, ಎದೆಬಡಿತ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಈಗ ಕ್ಯಾಲೆಂಡರ್ ಪಕ್ಕಕ್ಕಿಡಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ನ್ಯಾಯಾಂಗ ಬಂಧನ. ಅಂದರೆ ಎಷ್ಟೋ ಜನ ಈ ಅಪಾಯದ ದಿನಗಳನ್ನು ಕಳೆಯುವುದು ಜೈಲಿನ ಮೊದಲ ಬ್ಯಾರಕ್ಕಿನಲ್ಲಿ. ಗೊತ್ತಿಲ್ಲದವರು ನೋಡಿದರೆ ‘ನಾಟಕ ಮಾಡ್ತಾನೆ’ ಅಂತಲೇ ಅನ್ನುತ್ತಾರೆ. ಬೇಕಾಗುವ ಔಷಧಿಯೇನೂ ದುಬಾರಿಯಲ್ಲ. ನಡುಕ ಇಳಿಸಲು ಡಯಾಜೆಪಾಮ್ ಗುಂಪಿನ ಮಾತ್ರೆ, ಜೊತೆಗೆ ಥಯಮಿನ್ ಅನ್ನುವ ಬಿ ವಿಟಮಿನ್. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳುವ ಅಪಾಯ ಇದೆ ಅನ್ನುವುದು ಮನೋವೈದ್ಯಕೀಯದ ಮೊದಲ ಪಾಠಗಳಲ್ಲಿ ಒಂದು.

ಅದು ದಾಟಿದ ಮೇಲೆ ಏನು? ಇಲ್ಲಿಂದ ಮುಂದೆ ಜೈಲು, ತಾನು ಬಯಸದೇ ಇದ್ದರೂ, ಹೊರಗಿನ ಯಾವ ಡಾಕ್ಟರಿಗೂ ಸುಲಭಕ್ಕೆ ಸಿಗದ ಒಂದು ವಿಷಯವನ್ನು ಕಣ್ಣಾರೆ ನೋಡುತ್ತದೆ. ಕುಡಿಯದೆ ಇರುವ ಮಂಜ ಹೇಗಿರುತ್ತಾನೆ? ಕುಡಿತದಿಂದಲೇ ಬಂದ ದನಿಯಾದರೆ ಬಿಟ್ಟ ಕೆಲವು ವಾರಗಳಲ್ಲಿ ಅದು ತಣ್ಣಗಾಗುತ್ತದೆ. ಒಂದು ತಿಂಗಳು ದಾಟಿದರೂ ದನಿ ನಿಲ್ಲದಿದ್ದರೆ ಅದು ಬೇರೆಯದೇ ಕಾಯಿಲೆ, ಅದಕ್ಕೆ ಬೇರೆಯದೇ ಮದ್ದು ಬೇಕು. ಹೊರಗಿದ್ದಾಗ ಇದನ್ನು ತೀರ್ಮಾನಿಸುವುದು ಕಷ್ಟ, ಯಾಕೆಂದರೆ ಅವನು ತಿಂಗಳಿಡೀ ಕುಡಿಯದೆ ಇರುವುದೇ ಇಲ್ಲ. (ಒಳಗೆ ಏನೂ ಸಿಗುವುದೇ ಇಲ್ಲ ಅಂತಲ್ಲ. ಬೀಡಿ, ಗಾಂಜಾ ಜೈಲಿನೊಳಗೆ ನುಸುಳಿದ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತಲೇ ಇರುತ್ತೇವೆ.) ಜೈಲು ಆಸ್ಪತ್ರೆಯ ಕಡತದಲ್ಲಿ ‘ಆರು ತಿಂಗಳಿಂದ ಕುಡಿದಿಲ್ಲ, ಆದರೂ ದನಿ ಕೇಳಿಸುತ್ತದೆ, ಈ ಮಾತ್ರೆಯಲ್ಲಿ ಕಡಿಮೆಯಾಗಿದೆ’ ಅಂತ ಒಂದು ಸಾಲು ಇದ್ದರೆ, ಮುಂದೆ ಅವನನ್ನು ನೋಡುವ ಡಾಕ್ಟರಿಗೆ ಅದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ. ಆ ಸಾಲು ಗೇಟು ದಾಟುವುದಿಲ್ಲ ಅನ್ನುವುದೇ ನನ್ನ ತಕರಾರು.

ಒಮ್ಮೆ ಒಂದು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ನಮ್ಮ ಸಂಬಂಧಿಕರೊಬ್ಬರ ಜೊತೆ ಕೂತಿದ್ದೆ. ನಮ್ಮ ಮುಂದಿನ ಸರದಿ ಒಬ್ಬ ವಯಸ್ಸಾದ ಹೆಂಗಸಿನದು. ಮಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ‘ಯಾವ ಮಾತ್ರೆ ತಗೋತಿದ್ದನಮ್ಮಾ?’ ಅಂದರು ಡಾಕ್ಟರು. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಸ್ಟ್ರಿಪ್ ಮೇಜಿನ ಮೇಲಿಟ್ಟರು. ‘ಇವ್ನ್ ಜೊತೆ ಒಳಗಿದ್ದ ಹುಡ್ಗ ಕೊಟ್ಟಿದ್ದಂತೆ ಸಾ, ಇದೇ ಮಾತ್ರೆನೇ ಅಂತೆ.’ ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿದರು. ಕತ್ತರಿಸಿದ ಮೂಲೆಯಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಉಳಿದಿದ್ದವು. ಹೆಸರಿನ ಭಾಗ ಹೋಗಿತ್ತು. ಅವರು ನಿಟ್ಟುಸಿರು ಬಿಟ್ಟು ಹೊಸ ಚೀಟಿ ತೆಗೆದು ‘ಏನಪ್ಪಾ, ಯಾವಾಗಿಂದ ಶುರುವಾಯ್ತು?’ ಅಂತ ಮೊದಲಿಂದ ಕೇಳತೊಡಗಿದರು. ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು.

ಇದೂ ಪುಣ್ಯವೇ, ಅವರು ಆಸ್ಪತ್ರೆಯವರೆಗೆ ಬಂದರು. ಮಂಜನ ಮುಂದಿನ ದಾರಿ ನೋಡಿ. ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವಂತಿಲ್ಲ, ಅದು ಸರಿಯೇ. ವೈನ್ ಶಾಪಿನಲ್ಲಿ ಯಾರೂ ಚೀಟಿ ಕೇಳುವುದಿಲ್ಲ. ‘ಬಿಡುಗಡೆಯಾಗಿ ಬಂದಿದ್ದೀಯ’ ಅಂತ ಸ್ನೇಹಿತರೇ ಟೆಟ್ರಾ ಪ್ಯಾಕ್ ಕೊಡಿಸುತ್ತಾರೆ. ಮಾತ್ರೆ ನಿಂತಿದೆ, ಕುಡಿತ ಶುರುವಾಗಿದೆ, ನಿದ್ದೆ ಕೆಟ್ಟಿದೆ. ಕೆಲವು ದಿನಕ್ಕೆ ದನಿ ವಾಪಸ್.

ಬೀಡಿಯ ಕಥೆಯೂ ಇಂಥದ್ದೇ. ಕ್ಲೋಜಾಪಿನ್ ಅಂತ ಒಂದು ಔಷಧಿ ಇದೆ, ಬೇರೆ ಯಾವುದಕ್ಕೂ ಜಗ್ಗದ ಸ್ಕಿಜೋಫ್ರೇನಿಯಾಗೆ, ಅಂದರೆ ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆಗೆ, ಕೊಡುವಂಥದ್ದು. ಬೀಡಿ, ಸಿಗರೇಟಿನ ಹೊಗೆ ದೇಹದಲ್ಲಿ ಈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಒಳಗೆ ಬೀಡಿ ಕಡಿಮೆ ಮಾಡಿದವನಿಗೆ ಹೊಂದಿಸಿದ ಡೋಸ್, ಹೊರಗೆ ಬಂದು ದಿನಕ್ಕೆ ಎರಡು ಕಟ್ಟು ಸೇದಲು ಶುರು ಮಾಡಿದರೆ ಸಾಲದೆ ಹೋಗುತ್ತದೆ. ಮಾತ್ರೆ ತಪ್ಪದೆ ನುಂಗುತ್ತಿದ್ದಾನೆ, ಆದರೂ ಕಾಯಿಲೆ ಮರುಕಳಿಸಿದೆ ಅಂತ ಮನೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಚಟವನ್ನೂ ಕಾಯಿಲೆಯನ್ನೂ ಒಬ್ಬರೇ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಾ?

ಅಫೀಮು ಜಾತಿಯ ಮಾದಕಗಳ ವಿಷಯ ಇನ್ನೂ ಭಯಂಕರ. ಹೆರಾಯಿನ್ ಇರಲಿ, ಕರಗಿಸಿ ಚುಚ್ಚಿಕೊಳ್ಳುವ ನೋವಿನ ಮಾತ್ರೆ ಇರಲಿ, ಕೆಲವು ತಿಂಗಳು ಬಿಟ್ಟಿದ್ದರೆ ದೇಹಕ್ಕೆ ಅದನ್ನು ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ತಲೆಯಲ್ಲಿ ಮಾತ್ರ ಹಳೇ ಅಳತೆ ಉಳಿದಿರುತ್ತದೆ. ಹೊರಗೆ ಬಂದು ಹಳೇ ಡೋಸ್ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಬಂದ 30,237 ಜನರನ್ನು ಹಿಂಬಾಲಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಾಧ್ಯತೆ ಹೊರಗಿನ ಜನರಿಗಿಂತ 12.7 ಪಟ್ಟು ಜಾಸ್ತಿ ಇತ್ತು. ಮಾದಕದ ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆಯಂತೂ 129 ಪಟ್ಟು.

ತೊಂಬತ್ತು ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಬಿಡುಗಡೆಯ ನಂತರದ ಈ ಸಾವುಗಳಿಗೆ ಅಮೆರಿಕದಲ್ಲೇ ಉತ್ತರವನ್ನೂ ಹುಡುಕಿದರು. ರೋಡ್ ಐಲೆಂಡ್ ಅನ್ನುವ ಪುಟ್ಟ ರಾಜ್ಯ 2016ರಲ್ಲಿ ತನ್ನ ಜೈಲುಗಳಲ್ಲಿ ಅಫೀಮು ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಅನ್ನುವ ಮೂರೂ ಔಷಧಿಗಳನ್ನು ಕೊಡಲು ಶುರು ಮಾಡಿತು. ಹೊರಬಂದ ಮೇಲೂ ಅದೇ ಚಿಕಿತ್ಸೆ ಮುಂದುವರಿಯುವ ಹಾಗೆ ಹೊರಗಿನ ಕ್ಲಿನಿಕ್ಕುಗಳ ಜೊತೆ ಜೋಡಿಸಿತು. ಇತ್ತೀಚೆಗೆ ಜೈಲಿನಿಂದ ಬಂದವರ ಓವರ್‌ಡೋಸ್ ಸಾವು 2016ರ ಮೊದಲ ಆರು ತಿಂಗಳಲ್ಲಿ 26 ಇದ್ದದ್ದು ಮುಂದಿನ ವರ್ಷ ಅದೇ ಅವಧಿಯಲ್ಲಿ 9ಕ್ಕೆ ಇಳಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ಶುರುವಾದ ಟ್ರಾನ್ಸಿಷನ್ಸ್ ಕ್ಲಿನಿಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ಜೈಲಿನಲ್ಲಿದ್ದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ಇಟ್ಟುಕೊಂಡಿತು. ಕ್ಯಾಲಿಫೋರ್ನಿಯಾಗೆ 2023ರ ಜನವರಿಯಲ್ಲಿ ಒಂದು ಹೊಸ ಅನುಮತಿ ಸಿಕ್ಕಿತು: ಬಿಡುಗಡೆಗೆ 90 ದಿನ ಮುಂಚಿನಿಂದಲೇ ಬಡವರ ಸರ್ಕಾರಿ ವಿಮೆಯ ದುಡ್ಡಿನಲ್ಲಿ ಕೆಲವು ಚಿಕಿತ್ಸೆ, ಹೊರಗಿನ ವ್ಯವಸ್ಥೆಯ ತಯಾರಿ.

ನಮ್ಮಲ್ಲೂ ತಿಹಾರ್ ಜೈಲಿನಲ್ಲಿ, ಪಂಜಾಬಿನ ಜೈಲುಗಳಲ್ಲಿ ಬ್ಯುಪ್ರೆನಾರ್ಫಿನ್ ಕೊಡುವ ಕೆಲಸ ನಡೆದಿದೆ. ಆ ಮಟ್ಟಿಗೆ ಹೊಸ ವಿದ್ಯೆಯೇನಲ್ಲ.

ಆದರೆ ಈ 90 ದಿನದ ಮಾದರಿಯನ್ನು ಹಾಗೇ ತಂದು ಕರ್ನಾಟಕದಲ್ಲಿ ಇಡೋಣ ಅಂದರೆ ಒಂದು ದೊಡ್ಡ ಎಡವಟ್ಟಿದೆ. ಶಿಕ್ಷೆಯಾದವನಿಗೆ ಬಿಡುಗಡೆಯ ದಿನ ಹೆಚ್ಚುಕಡಿಮೆ ಗೊತ್ತಿರುತ್ತದೆ. ನಮ್ಮ ಜೈಲುಗಳಲ್ಲಿ ತುಂಬಿರುವವರು ಶಿಕ್ಷೆಯಾದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅದರಲ್ಲಿ ವಿಚಾರಣಾಧೀನ ಕೈದಿಗಳು 4,34,302. ಅಂದರೆ ನಾಲ್ಕರಲ್ಲಿ ಮೂರು ಜನಕ್ಕೆ ತಾವು ಯಾವಾಗ ಹೊರಗೆ ಹೋಗುತ್ತೇವೆ ಅಂತ ಗೊತ್ತಿಲ್ಲ. ಅವರ ಡಾಕ್ಟರಿಗೂ ಗೊತ್ತಿಲ್ಲ, ಜೈಲರಿಗೂ ಗೊತ್ತಿಲ್ಲ. ನಾಳೆ ಬೇಲ್ ಆಗಬಹುದು, ಎರಡು ವರ್ಷ ಆಗದೇ ಇರಬಹುದು. ಯಾವ ದಿನದಿಂದ ಹಿಂದಕ್ಕೆ 90 ಎಣಿಸುವುದು?

ಹಾಗಾಗಿ ನಮ್ಮ ಪರಿಸ್ಥಿತಿಗೆ ಹೊಂದುವುದು ಒಂದೇ ದಾರಿ ಅಂತ ನನಗನಿಸುತ್ತದೆ. ಬಿಡುಗಡೆಯ ತಯಾರಿ ಒಳಗೆ ಬಂದ ದಿನವೇ ಶುರುವಾಗಬೇಕು. ಮೊದಲ ದಿನದ ತಪಾಸಣೆಯಲ್ಲಿ ಕುಡಿತ, ಗಾಂಜಾ, ಮಾತ್ರೆ, ಹಿಂದಿನ ಮಾನಸಿಕ ಕಾಯಿಲೆ ಎಲ್ಲ ಕೇಳಿ ಬರೆದುಕೊಳ್ಳುವಾಗಲೇ ಇನ್ನೆರಡು ವಿಷಯ ಸೇರಿಸಿದರೆ ಸಾಕು: ಇವನ ತಾಲ್ಲೂಕು ಯಾವುದು, ಹೊರಗೆ ಹೋದರೆ ಯಾರ ಹತ್ತಿರ ಹೋಗುತ್ತಾನೆ. ಪ್ರತಿ ಸಲ ಔಷಧಿ ಬದಲಾದಾಗ ಒಂದು ಚೀಟಿ ಕೈದಿಯ ಕೈಯಲ್ಲೂ ಇರಬೇಕು. ಮಾತ್ರೆಯ ಹೆಸರು, ಡೋಸ್, ಕನ್ನಡದಲ್ಲಿ. ನಾಳೆಯೇ ಬೇಲ್ ಆದರೂ ಹದಿನೈದು ದಿನದ ಮಾತ್ರೆಯ ಪೊಟ್ಟಣ ಗೇಟಿನಲ್ಲಿ, ಬೆಲ್ಟು ಪರ್ಸಿನ ಜೊತೆ, ತಯಾರಾಗಿರಬೇಕು. ಇನ್ನು ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಚುಚ್ಚುವ, ನಿಧಾನಕ್ಕೆ ಕೆಲಸ ಮಾಡುವ ಇಂಜೆಕ್ಷನ್‌ಗಳಿವೆ. ಬೇಲ್ ಅರ್ಜಿ ಹಾಕಿದ್ದಾನೆ ಅಂತ ಗೊತ್ತಾದಾಗಲೇ, ಅವನು ಒಪ್ಪಿದರೆ, ಆ ಇಂಜೆಕ್ಷನ್‌ಗೆ ಬದಲಿಸಿದರೆ ಮೊದಲ ಕೆಲವು ವಾರಗಳ ಕಂದಕವನ್ನು ದಾಟಿಸಿದ ಹಾಗೆ.

ಇದೆಲ್ಲ ದೊಡ್ಡ ಕನಸು ಅನ್ನುವವರು ಒಮ್ಮೆ ಕಾನೂನು ತೆಗೆದು ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ಮಾನಸಿಕ ಕಾಯಿಲೆ’ ಅನ್ನುವುದರ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಅಂದರೆ ಇಲಾಖೆಗಳು ಬೇರೆ ಮಾಡಿದ್ದನ್ನು ಕಾನೂನು ಆಗಲೇ ಒಂದು ಮಾಡಿದೆ. ಅದೇ ಕಾಯ್ದೆಯ 103ನೇ ಕಲಂ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕು ಅನ್ನುತ್ತದೆ. 2018ರ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ಒಳಗೆ ಬರುವಾಗಲೇ ಮನಸ್ಥಿತಿ ಮತ್ತು ವ್ಯಸನದ ತಪಾಸಣೆ, ಬಿಡುಗಡೆಯ ನಂತರ ಔಷಧಿ, ಮನೆಯವರಿಗೆ ತಿಳಿವಳಿಕೆ, ಚಿಕಿತ್ಸೆ ತಪ್ಪದ ಹಾಗೆ ಮುಂದಿನ ಭೇಟಿ, ಯಾರೂ ಇಲ್ಲದವರಿಗೆ ಇರಲು ಜಾಗ. ಇದನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವೇ ಆಯಿತು. ಮಂಜನ ಏಳೂವರೆ ಗಂಟೆಯನ್ನು ಯಾರೋ ಆಗಲೇ ಯೋಚಿಸಿ ಬರೆದಿಟ್ಟಿದ್ದಾರೆ.

ಹೊರಗಿನ ಜಾಲವೂ ಶೂನ್ಯದಿಂದ ಕಟ್ಟಬೇಕಾಗಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುವ ಪದ್ಧತಿಯೂ ಕರ್ನಾಟಕದ್ದೇ. ಜೈಲಿನ ಚೀಟಿಯಲ್ಲಿ ‘ಇಂಥ ತಾಲ್ಲೂಕು ಆಸ್ಪತ್ರೆ, ಇಂಥ ಮಂಗಳವಾರ’ ಅಂತ ಬರೆದು, ಒಂದು ಪ್ರತಿ ಜಿಲ್ಲಾ ತಂಡಕ್ಕೆ ಮೊಬೈಲಿನಲ್ಲಿ ಹೋದರೆ ಕೊಂಡಿ ಸೇರಿತು.

ಕಂಪ್ಯೂಟರ್ ದಾರಿಯೂ ಸಿದ್ಧವಿದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಬೇಲ್ ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲು ಸೂಪರಿಂಟೆಂಡೆಂಟರಿಗೆ ಹೋಗಬೇಕು, ಅವರು ಆ ದಿನಾಂಕವನ್ನು ಕೈದಿಗಳ ವಿವರ ಇಡುವ ಇ-ಪ್ರಿಸನ್ಸ್ ಸಾಫ್ಟ್‌ವೇರಿನಲ್ಲಿ ಹಾಕಬೇಕು. ಏಳು ದಿನ ಕಳೆದರೂ ಕೈದಿ ಹೊರಗೆ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಜಾಮೀನುದಾರ ಸಿಗದೆ ಕೊಳೆಯುವ ಬಡವರಿಗಾಗಿ ಮಾಡಿದ ಏರ್ಪಾಟು ಇದು. ಬೇಲ್ ದಿನಾಂಕ ಹಾಕಿದ ತಕ್ಷಣ ಜೈಲು ಆಸ್ಪತ್ರೆಗೂ ಒಂದು ಗಂಟೆ ಬಾರಿಸುವ ಹಾಗೆ ಮಾಡಿದರೆ, ಆದೇಶಕ್ಕೂ ಬಿಡುಗಡೆಗೂ ನಡುವೆ ಸಿಗುವ ಸಮಯದಲ್ಲಿ ಪೊಟ್ಟಣ ಕಟ್ಟಬಹುದು. ಇನ್ನೊಂದು ದಾರಿ, ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಕಲಂ. ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನ, ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಬೇರೆಯವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇಲ್ಲ. ಆ ದಿನ ಬಂದಾಗ ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಸೂಪರಿಂಟೆಂಡೆಂಟರದೇ. ಕಾನೂನು ಜಾರಿಯಾಗುವ ಮುಂಚಿನ ಕೇಸುಗಳಿಗೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಹೇಳಿದೆ. ಅಂದಮೇಲೆ ಒಂದಷ್ಟು ಜನರ ಮಟ್ಟಿಗಾದರೂ ತಾರೀಖು ಜೈಲಿನ ಕಚೇರಿಗೆ ಮೊದಲೇ ಗೊತ್ತಿರುತ್ತದೆ.

ಡೇಟು, ವಾರಂಟು, ಗುಟ್ಟು

ಹೊರಗೆ ಬಂದವನಿಗೆ ಕಾಯಿಲೆಯ ಜೊತೆ ಇನ್ನೊಂದು ಓಡಾಟ ಶುರುವಾಗುತ್ತದೆ. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುವ ಷರತ್ತು ಇರಬಹುದು. ಕೋರ್ಟಿನ ಡೇಟು ಇದ್ದೇ ಇರುತ್ತದೆ. ಕುಡಿದು ಬಿದ್ದುಕೊಂಡೋ, ‘ಯಾರೋ ಕೊಲ್ಲೋಕೆ ಕಾಯ್ತಿದ್ದಾರೆ’ ಅನ್ನೋ ಭಯದಲ್ಲೋ ಎರಡು ಡೇಟು ತಪ್ಪಿಸಿದರೆ ವಾರಂಟು. ಚಿಕ್ಕಪ್ಪನ ಜಾಮೀನಿಗೂ ಕುತ್ತು. ಮತ್ತೆ ಅದೇ ಗೇಟು, ಮತ್ತೆ ಮೊದಲ ವಾರದ ನಡುಕ. ಈ ಸುತ್ತು ಕಾಯಿಲೆಯಿಂದ ಹುಟ್ಟಿದ್ದು ಅಂತ ಕಡತದಲ್ಲಿ ಎಲ್ಲೂ ಬರೆದಿರುವುದಿಲ್ಲ. ‘ಆರೋಪಿ ಗೈರುಹಾಜರು’ ಅಂತ ಮಾತ್ರ ಇರುತ್ತದೆ.

ಬಹುಪಾಲು ಕಡೆ ಕೋರ್ಟು, ಠಾಣೆ, ಸರ್ಕಾರಿ ಆಸ್ಪತ್ರೆ ಮೂರೂ ಅದೇ ತಾಲ್ಲೂಕು ಪೇಟೆಯಲ್ಲೇ ಇರುತ್ತವೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬರುವವನಿಗೆ ಆಸ್ಪತ್ರೆಯ ದಿನ ಒಂದು, ಕೋರ್ಟಿನ ದಿನ ಇನ್ನೊಂದು ಆದರೆ ಅವನು ಯಾವುದನ್ನು ಬಿಡುತ್ತಾನೆ ಹೇಳಿ? ಎರಡನ್ನೂ ಒಂದೇ ಕಾರ್ಡಿನಲ್ಲಿ ಬರೆದು ಆದಷ್ಟು ಒಂದೇ ದಿನಕ್ಕೆ ಹೊಂದಿಸುವುದು ದುಡ್ಡು ಖರ್ಚಿಲ್ಲದ ಕೆಲಸ. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಹೇಗೂ ಜೈಲಿಗೂ ಕೋರ್ಟಿಗೂ ಓಡಾಡುತ್ತಾರೆ, ಈ ಕಾರ್ಡು ಅವರ ಕೈಯಲ್ಲಿರಲಿ.

ಹಾಗಂತ ಚಿಕಿತ್ಸೆಯನ್ನೇ ಬೇಲಿನ ಷರತ್ತು ಮಾಡಿಬಿಡೋಣ ಅನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಕುಡಿತ ಬಿಟ್ಟವರು ಮತ್ತೆ ಜಾರುವುದು ಈ ಕಾಯಿಲೆಯ ಸ್ವಭಾವ. ಜಾರಿದ್ದು ಗೊತ್ತಾದರೆ ಬೇಲ್ ರದ್ದಾಗುತ್ತದೆ ಅಂದರೆ ಯಾರು ಡಾಕ್ಟರ ಹತ್ತಿರ ನಿಜ ಹೇಳುತ್ತಾರೆ? ಇದೇ ಹೆದರಿಕೆ ಜೈಲಿನೊಳಗೂ ಇದೆ. ಗಾಂಜಾ ಕೇಸಿನಲ್ಲಿ ಒಳಗಿರುವವನು ‘ಹೌದು ಸಾರ್, ದಿನಾ ಸೇದ್ತಿದ್ದೆ’ ಅಂತ ಜೈಲು ಡಾಕ್ಟರಿಗೆ ಹೇಳಿದರೆ ಅದು ನಾಳೆ ಕೋರ್ಟಿನಲ್ಲಿ ತನಗೇ ತಿರುಗಿಬಿದ್ದೀತು ಅಂತ ಅಂಜುತ್ತಾನೆ. ಮಾದಕ ವಸ್ತು ಕಾಯ್ದೆಯ 64ಎ ಕಲಂ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಅಂಥದ್ದೊಂದು ಇದೆ ಅಂತ ಎಷ್ಟು ಕೈದಿಗಳಿಗೆ ಯಾರು ಹೇಳಿದ್ದಾರೆ? ರೋಗಿಯ ಮಾಹಿತಿ ಗುಟ್ಟಾಗಿರಬೇಕು ಅನ್ನುವುದು ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇದೆ. ಹಾಗಾಗಿ ನಾನು ಮೇಲೆ ಹೇಳಿದ ಕಾರ್ಡಿನಲ್ಲಿ ಕಾಯಿಲೆಯ ಹೆಸರು ಬೇಡ, ಜೈಲಿನ ಸೀಲಂತೂ ಬೇಡವೇ ಬೇಡ. ಆಸ್ಪತ್ರೆ, ತಾರೀಖು ಇದ್ದರೆ ಸಾಕು. ಔಷಧಿಯ ಚೀಟಿ ಬೇರೆ ಇರಲಿ. ‘ಹುಚ್ಚ’, ‘ಕುಡುಕ’, ‘ಜೈಲಿಗೆ ಹೋಗಿ ಬಂದವ’ ಅಂತ ಮೂರು ಹೆಸರು ಹೊತ್ತವನಿಗೆ ಊರಲ್ಲಿ ಕೆಲಸ ಕೊಡುವವರು ಯಾರು?

ಹೆಂಗಸರ ಕಥೆ ಇನ್ನೂ ಬೇರೆ. ಗಂಡಸು ಬಿಡುಗಡೆಯಾದರೆ ತಾಯಿಯೋ ಹೆಂಡತಿಯೋ ಗೇಟಿನ ಹತ್ತಿರ ಬಂದಿರುತ್ತಾರೆ. ಹೆಂಗಸಿಗೆ ಎಷ್ಟೋ ಸಲ ಯಾರೂ ಬಂದಿರುವುದಿಲ್ಲ. ಅವಳಿಗೆ ಮಾತ್ರೆಗಿಂತ ಮೊದಲು ಆ ರಾತ್ರಿ ಮಲಗಲು ಜಾಗ ಬೇಕು.

ಇನ್ನೊಂದು ಎಚ್ಚರಿಕೆ ಮನೆಯವರಿಗೆ. ಮಗ ಮತ್ತೆ ಕುಡಿಯಲು ಶುರು ಮಾಡಿದ ಅಂತ ಗಾಬರಿಯಾಗಿ, ರಾತ್ರೋರಾತ್ರಿ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗುವ ಖಾಸಗಿ ‘ಕುಡಿತ ಬಿಡಿಸುವ ಕೇಂದ್ರ’ಕ್ಕೆ ಒಪ್ಪಿಸಿಬಿಡುತ್ತಾರೆ. ಮಾನಸಿಕ ಕಾಯಿಲೆ ಇರುವವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಯಾವ ಕೇಂದ್ರವೂ ನೋಂದಣಿ ಮಾಡಿಸಿರಲೇಬೇಕು. ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಮುಂದುವರಿಸುತ್ತೀರಾ ಅಂತ ಕೇಳಿ. ‘ಇಲ್ಲಿ ಮಾತ್ರೆಗೀತ್ರೆ ಏನೂ ಇಲ್ಲ, ಬರೀ ಶಿಸ್ತು’ ಅಂದರೆ ಮಂಜನಂಥವರಿಗೆ ಅದು ಜಾಗವಲ್ಲ. ಊರಿನ ಮದ್ಯವರ್ಜನ ಶಿಬಿರ, ಕುಡಿತ ಬಿಡುವವರೇ ಸೇರಿ ನಡೆಸುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆ ಎಷ್ಟೋ ಮನೆ ಉಳಿಸಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ಯಾರಾದರೂ ‘ಆ ಮಾತ್ರೆನೂ ಒಂಥರಾ ಚಟಾನೇ ಕಣಪ್ಪ, ಬಿಟ್ಬಿಡು’ ಅಂದರೆ ಮಾತ್ರ ಆ ಮಾತನ್ನು ಅಲ್ಲೇ ಬಿಟ್ಟು ಬರಬೇಕು.

ಏಳೂವರೆಗೆ ಹೊರಬಂದ ಮಂಜ ಈಗ ಎಲ್ಲಿದ್ದಾನೆ? ಚಿಕ್ಕಪ್ಪ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಂದಿದ್ದಾರೆ. ಊರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಕ್ಯಾಂಟೀನಿನಲ್ಲಿ ಇಡ್ಲಿ ತಿಂದರು. ಎದುರಿಗೆ ಒಂದು ಮೆಡಿಕಲ್ ಶಾಪು, ಅದರ ಪಕ್ಕಕ್ಕೆ ಒಂದು ಬಾರು, ಎರಡೂ ತೆರೆದಿವೆ. ‘ಏನಾದ್ರೂ ಬೇಕೇನೋ?’ ಅಂತ ಕೇಳುತ್ತಿದ್ದಾರೆ ಚಿಕ್ಕಪ್ಪ.